ಸಿಗುವುದು ಗೊತ್ತು, ಕೊಡುವವರು ಯಾರು? ಆರ್ಥಿಕ ಪ್ರಶ್ನೆಗೆ ಜನ ಮತ ಹಾಕುವ ಬಗೆ

2024ರ ಮಾರ್ಚ್ 3ರಂದು ಸ್ವಿಟ್ಸರ್‌ಲ್ಯಾಂಡಿನ ಮತದಾರರ ಮುಂದೆ ಪಿಂಚಣಿಯ ಬಗ್ಗೆ ಎರಡು ಪ್ರಶ್ನೆಗಳಿದ್ದವು. ವೃದ್ಧಾಪ್ಯ ಪಿಂಚಣಿಯನ್ನು ವರ್ಷಕ್ಕೆ 12 ಕಂತಿನ ಬದಲು 13 ಕಂತು ಕೊಡಬೇಕೇ? ನಿವೃತ್ತಿ ವಯಸ್ಸನ್ನು 65ರಿಂದ 66ಕ್ಕೆ ಏರಿಸಿ, ಆಮೇಲೆ ಜನರ ಆಯುಷ್ಯಕ್ಕೆ ತಕ್ಕಂತೆ ಹೆಚ್ಚಿಸಬೇಕೇ? ಮೊದಲನೆಯದಕ್ಕೆ ಶೇ. 58 ಮಂದಿ ಹೌದು ಎಂದರು. ಎರಡನೆಯದನ್ನು ಸುಮಾರು ಶೇ. 75 ಮಂದಿ ತಿರಸ್ಕರಿಸಿದರು.

ಇದನ್ನು ನೋಡಿ "ಜನರಿಗೆ ಕೊಟ್ಟರೆ ಬೇಕು, ಕೇಳಿದರೆ ಬೇಡ" ಎಂದು ಹೇಳಿಬಿಡುವುದು ಸುಲಭ. ಆದರೆ ಅದೇ ದೇಶದ ಜನ 2012ರಲ್ಲಿ ವರ್ಷಕ್ಕೆ ಆರು ವಾರ ಸಂಬಳ ಸಹಿತ ರಜೆ ಕೊಡುತ್ತೇವೆ ಅಂದಾಗ ಬೇಡ ಅಂದಿದ್ದರು. 2014ರಲ್ಲಿ ಗಂಟೆಗೆ 22 ಫ್ರಾಂಕ್ ಕನಿಷ್ಠ ಕೂಲಿಯನ್ನು ಶೇ. 76 ಮಂದಿ ನಿರಾಕರಿಸಿದರು. 2016ರಲ್ಲಿ ಎಲ್ಲರಿಗೂ ತಿಂಗಳಿಗೆ ಒಂದು ಮೂಲ ಆದಾಯ ಎಂಬ ಪ್ರಸ್ತಾಪವೂ ಹೆಚ್ಚುಕಡಿಮೆ ಇದೇ ಅಂತರದಲ್ಲಿ ಸೋತಿತು. ಪುಕ್ಕಟೆ ಎಂದ ಕೂಡಲೇ ಜನ ಮುಗಿಬೀಳುತ್ತಾರೆ ಎಂಬ ಮಾತು ಪೂರ್ತಿ ಸತ್ಯವಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ರಜೆ ಮತ್ತು ಕೂಲಿಯ ಪ್ರಶ್ನೆಯಲ್ಲಿ "ಕಂಪೆನಿ ಬೇರೆ ಕಡೆ ಹೋದರೆ ಕೆಲಸವೇ ಇರಲ್ಲ" ಎಂಬ ಎಚ್ಚರಿಕೆ ಜನರ ಮನಸ್ಸಿಗೆ ನಾಟಿತು. ಮೂಲ ಆದಾಯ ಎಂಬುದು ಯಾರೂ ಕಂಡಿರದ ಹೊಸ ವ್ಯವಸ್ಥೆ. ಗೊತ್ತಿಲ್ಲದ ಲಾಭಕ್ಕಿಂತ ಗೊತ್ತಿರುವ ಇಂದಿನ ಸ್ಥಿತಿಯೇ ವಾಸಿ ಎಂದು ಹೆಚ್ಚಿನವರು ಲೆಕ್ಕ ಹಾಕಿದರು. 13ನೇ ಪಿಂಚಣಿ ಹಾಗಲ್ಲ. ಈಗಾಗಲೇ ಬರುತ್ತಿರುವ ಹಣಕ್ಕೆ ಇನ್ನೊಂದು ಕಂತು, ಬೆಲೆ ಏರಿದ್ದ ಕಾಲದಲ್ಲಿ. ಆ ಹಣ ಎಲ್ಲಿಂದ ತರುವುದು ಎಂಬುದು ಮತಪತ್ರದ ಪ್ರಶ್ನೆಯಲ್ಲೇ ಇರಲಿಲ್ಲ. ಮತದಾನ ಮುಗಿದ ಮೇಲೆ ವ್ಯಾಟ್ ಏರಿಸುವ ಚರ್ಚೆ ಶುರುವಾಯಿತು.

ಬಜೆಟ್ ಓದಿ ಮತ ಹಾಕುವವರು ಯಾವ ದೇಶದಲ್ಲೂ ಕಡಿಮೆ. ಉಳಿದವರು ಏನು ಮಾಡುತ್ತಾರೆ? ಇದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಉತ್ತರ ಇದೆ. 1988ರಲ್ಲಿ ವಾಹನ ವಿಮೆಯ ಬಗ್ಗೆ ಅಲ್ಲಿ ಒಟ್ಟಿಗೇ ಐದು ಪ್ರಸ್ತಾಪಗಳು ಮತಕ್ಕೆ ಬಂದವು. ಒಂದಕ್ಕಿಂತ ಒಂದು ಕ್ಲಿಷ್ಟ. ವಿಮಾ ಕಂಪೆನಿಗಳು ಕೋಟಿಗಟ್ಟಲೆ ಡಾಲರ್ ಸುರಿದವು. ಆದರೂ ಗೆದ್ದದ್ದು ಕಂಪೆನಿಗಳು ವಿರೋಧಿಸಿದ್ದ 103ನೇ ಪ್ರಸ್ತಾಪ ಮಾತ್ರ. ಆರ್ಥರ್ ಲೂಪಿಯಾ ಎಂಬ ರಾಜಕೀಯ ಶಾಸ್ತ್ರಜ್ಞರು ಈ ಮತದಾನದ ಬಗ್ಗೆ 1994ರಲ್ಲಿ ಅಧ್ಯಯನ ಪ್ರಕಟಿಸಿದರು. ಪ್ರಸ್ತಾಪದ ವಿವರ ಗೊತ್ತಿಲ್ಲದಿದ್ದರೂ ವಿಮಾ ಕಂಪೆನಿಗಳು ಯಾವ ಪಕ್ಷದಲ್ಲಿವೆ ಎಂದು ತಿಳಿದಿದ್ದವರು, ಎಲ್ಲ ಓದಿಕೊಂಡವರ ಹಾಗೆಯೇ ಮತ ಹಾಕಿದ್ದರು. ಎರಡೂ ಗೊತ್ತಿಲ್ಲದವರು ಮಾತ್ರ ಬೇರೆ ದಾರಿ ಹಿಡಿದಿದ್ದರು. ಅಂದರೆ "ಇದು ಯಾರಿಗೆ ಬೇಕಾಗಿದೆ?" ಎಂಬ ಒಂದು ಮಾತು ತಿಳಿದರೆ ಅರ್ಧ ಕೆಲಸ ಆಯಿತು.

ಆದರೆ ಈ ಸುಳಿವನ್ನೂ ಹಣದಿಂದ ಮಸುಕು ಮಾಡಬಹುದು. ಅದೇ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಉಬರ್, ಲಿಫ್ಟ್ ಮುಂತಾದ ಕಂಪೆನಿಗಳು 20 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ, ಚಾಲಕರನ್ನು ನೌಕರರೆಂದು ಪರಿಗಣಿಸಬೇಕಿಲ್ಲ ಎಂಬ 22ನೇ ಪ್ರಸ್ತಾಪವನ್ನು ಗೆಲ್ಲಿಸಿಕೊಂಡವು. ಚಾಲಕರ ಸ್ವಾತಂತ್ರ್ಯದ ಹೆಸರಲ್ಲೇ ಪ್ರಚಾರ ನಡೆಯಿತು.

ಅದೇ ದಿನ ಫ್ಲೋರಿಡಾದಲ್ಲಿ ಇನ್ನೊಂದು ಸಂಗತಿ. ಅಲ್ಲಿ ಗೆದ್ದದ್ದು ಟ್ರಂಪ್. ಆದರೆ ಕನಿಷ್ಠ ಕೂಲಿಯನ್ನು ಹಂತಹಂತವಾಗಿ 15 ಡಾಲರಿಗೆ ಏರಿಸುವ ಪ್ರಸ್ತಾಪಕ್ಕೂ ಶೇ. 60ಕ್ಕಿಂತ ಹೆಚ್ಚು ಮತ ಬಿತ್ತು. ಪ್ರಶ್ನೆಯನ್ನು ಪಕ್ಷದಿಂದ ಬೇರ್ಪಡಿಸಿ ಕೇಳಿದರೆ ಪಕ್ಷದ ಕಟ್ಟಾ ಬೆಂಬಲಿಗನೂ ಬೇರೆ ಉತ್ತರ ಕೊಡುತ್ತಾನೆ.

ನಮ್ಮ ದೇಶದಲ್ಲಿ ಈ ಸೌಲಭ್ಯ ಇಲ್ಲ. ನೋಟು ರದ್ದತಿ ಬೇಕೇ, ಜಿಎಸ್‌ಟಿ ಬೇಕೇ ಎಂದು ಅಂಗಡಿಯವರನ್ನಾಗಲಿ ಗಿರಾಕಿಯನ್ನಾಗಲಿ ಯಾರೂ ಕೇಳಲಿಲ್ಲ. ಪಕ್ಷ, ಜಾತಿ, ಧರ್ಮ, ಅಭ್ಯರ್ಥಿ, ಪಿಂಚಣಿ, ರಸ್ತೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ, ಒಂದೇ ಗುಂಡಿ ಒತ್ತಿ ಎನ್ನುತ್ತಾರೆ. ಹಾಗಾಗಿ ಯಾವ ಕಾರಣಕ್ಕೆ ಗೆದ್ದೆವು ಎಂದು ಗೆದ್ದವರೇ ತಮಗೆ ಬೇಕಾದಂತೆ ಅರ್ಥ ಹೇಳಿಕೊಳ್ಳುತ್ತಾರೆ.

ಗಡಿನಾಡಿನ ನಮಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಕ್ಷೇಮ ಪಿಂಚಣಿಯಂಥ ಯೋಜನೆಗಳಿಗೆ ಎಂದು ಕೇರಳ ಸರಕಾರ 2023ರ ಏಪ್ರಿಲ್‌ನಿಂದ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಮಂಜೇಶ್ವರ, ಉಪ್ಪಳದ ಮನೆಯಲ್ಲಿ ಉಮ್ಮನಿಗೆ ಪಿಂಚಣಿ ಬೇಕು, ಬಂದರೆ ಸಂತೋಷ. ಮಗ ಬೈಕಿಗೆ ಪೆಟ್ರೋಲ್ ಹಾಕಿಸುವುದು ತಲಪಾಡಿ ದಾಟಿ, ಕರ್ನಾಟಕದ ಬಂಕಿನಲ್ಲಿ. ಇಬ್ಬರದ್ದೂ ತಪ್ಪಲ್ಲ. ಆದರೆ ಒಂದೇ ಮನೆಯಲ್ಲಿ ಕೊಡುವ ಲೆಕ್ಕ ಮತ್ತು ಪಡೆಯುವ ಲೆಕ್ಕ ಎರಡು ಬೇರೆ ಪುಸ್ತಕದಲ್ಲಿ ಇದೆ ಎಂಬುದನ್ನು ರಾಜಕಾರಣಿ ಚೆನ್ನಾಗಿ ಬಲ್ಲ. ಭಾಷಣದಲ್ಲಿ ಒಂದು ಪುಸ್ತಕ ಮಾತ್ರ ತೆರೆಯುತ್ತಾನೆ.

ಜಮಾಅತಿನ ಮಹಾಸಭೆಯಲ್ಲೂ ಇದೇ ತಾನೆ? ಮದ್ರಸಕ್ಕೆ ಹೊಸ ಕಟ್ಟಡ ಬೇಕಾ ಅಂದರೆ ಎಲ್ಲರ ಕೈ ಮೇಲೆ. ಮನೆಗೆ ಇಷ್ಟು ವಂತಿಗೆ ಅಂದಾಗ ಚರ್ಚೆ ಶುರು. ಆ ಚರ್ಚೆ ಆದರೇ ಒಳ್ಳೆಯದು. ಕಟ್ಟಡ ಅರ್ಧಕ್ಕೆ ನಿಲ್ಲುವುದು ಲೆಕ್ಕವನ್ನು ಆಮೇಲೆ ನೋಡೋಣ ಎಂದ ಕಡೆಯಲ್ಲೇ.

ವಾರ್ಡಿನ ಗ್ರಾಮಸಭೆಯಿಂದ ಹಿಡಿದು ಲೋಕಸಭಾ ಚುನಾವಣೆಯವರೆಗೆ ನಮ್ಮ ಯುವಕರು ಮೂರು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಈ ಯೋಜನೆಯ ಹಣ ಎಲ್ಲಿಂದ ಬರುತ್ತದೆ? ಇದರ ಪರವಾಗಿ ಖರ್ಚು ಮಾಡುತ್ತಿರುವವರು ಯಾರು? ನನ್ನ ಪಕ್ಷವಲ್ಲದೆ ಎದುರು ಪಕ್ಷ ಇದನ್ನೇ ತಂದಿದ್ದರೆ ನಾನು ಏನು ಹೇಳುತ್ತಿದ್ದೆ? ವಾಟ್ಸ್‌ಆ್ಯಪ್‌ನಲ್ಲಿ ಬರುವ ಪೋಸ್ಟರಿನಲ್ಲಿ ಈ ಮೂರಕ್ಕೂ ಉತ್ತರ ಇರುವುದಿಲ್ಲ. ಮನೆ ಬಾಗಿಲಿಗೆ ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳಿದರೆ, ಒಂದಕ್ಕಾದರೂ ಉತ್ತರ ಕೊಡಲೇಬೇಕಾಗುತ್ತದೆ.