ಬೆಟ್ಟದ ಬೈಸಿಕಲ್ಲೂ ಒಡೆತನದ ತಕರಾರೂ

ಯಂತ್ರವೊಂದನ್ನು ಮನಸಾರೆ ಮೆಚ್ಚಿ, ಅದನ್ನು ಮಾಡಿದವರನ್ನು ಮಾತ್ರ ಸಹಿಸದಿರುವುದು ತುಸು ವಿಚಿತ್ರವಾಗಿ ತೋರುವ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿರುವ ಸ್ಪೆಷಲೈಸ್ಡ್ ಎಂಬ ದೊಡ್ಡ ಬೈಸಿಕಲ್ ಸಂಸ್ಥೆಯ ವಿಷಯದಲ್ಲಿ ಈ ವೈಚಿತ್ರ್ಯವನ್ನು ಕಾಣಬಹುದು. ಗುಡ್ಡಗಾಡಿನ ದಾರಿಗಳಲ್ಲಿ ಸವಾರಿ ಮಾಡುವವರಲ್ಲಿ ಕೆಲವರು ಆ ಸಂಸ್ಥೆಯ ಸೈಕಲ್ಲುಗಳು ಉತ್ತಮವಾದುವೆಂದು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡ ಮೇಲೂ ಅವುಗಳನ್ನು ಕೊಳ್ಳಲು ಮನಸ್ಸು ಬಾರದೆಂದು ಹೇಳುತ್ತಾರೆ. ಇದು ಬರಿಯ ಹಠವೆ? ದೊಡ್ಡವರನ್ನು ಕಂಡರೆ ಚಿಕ್ಕವರಿಗಾಗುವ ಕರುಬೆ? ಈ ಮುನಿಸಿನಲ್ಲಿ ನ್ಯಾಯವಾದ ಭಾಗವೂ ಉಂಟು, ಅನ್ಯಾಯವಾದ ಭಾಗವೂ ಉಂಟು ಎಂಬುದು ನಮ್ಮ ಅಭಿಪ್ರಾಯ. ಎರಡನ್ನೂ ಬೇರ್ಪಡಿಸಬೇಕಾದರೆ ಸ್ವಲ್ಪ ಚರಿತ್ರೆಯನ್ನೂ ಸ್ವಲ್ಪ ಯಂತ್ರಶಾಸ್ತ್ರವನ್ನೂ ನೋಡಬೇಕಾಗುತ್ತದೆ.

ಬೆಟ್ಟದ ಬೈಸಿಕಲ್ಲು ಯಾವ ಕಾರ್ಖಾನೆಯಲ್ಲಿಯೂ ಹುಟ್ಟಿದುದಲ್ಲ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಪ್ರಾಂತದ ತರುಣರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ಆಯ್ದು ತಂದು, ಟ್ಯಾಮಲ್ಪಾಯಸ್ ಬೆಟ್ಟದ ಆಸುಪಾಸಿನ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರಿಂದ ಅಲ್ಲಿ ಒಂದು ಕಡಿದಾದ ದಾರಿಯಲ್ಲಿ ಪಂದ್ಯಗಳು ನಡೆಯತೊಡಗಿದವು. ಆ ದಾರಿಗೆ ರೀಪ್ಯಾಕ್, ಅಂದರೆ 'ಮತ್ತೆ ತುಂಬು', ಎಂಬ ಹೆಸರು ಬಂದುದು ಹೇಗೆಂಬುದನ್ನು ನಮ್ಮ ವಿದ್ಯಾರ್ಥಿ ಮಿತ್ರರು ತಾವೇ ಲೆಕ್ಕ ಮಾಡಿ ತಿಳಿಯಬಹುದು. ಇಳಿಜಾರಿನ ಎತ್ತರ ಸುಮಾರು 1300 ಅಡಿ, ಎಂದರೆ 400 ಮೀಟರು. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಮ್ ತೂಕವೆಂದಿಟ್ಟುಕೊಂಡರೆ, ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಈ ಶಕ್ತಿಯ ಒಂದು ಪಾಲು ಗಾಳಿಗೂ ನೆಲಕ್ಕೂ ಹೋಗುತ್ತದೆ. ಉಳಿದುದರ ದೊಡ್ಡ ಪಾಲು ಶಾಖವಾಗಿ ಸೇರುತ್ತಿದ್ದುದು ಹಿಂಗಾಲಿಯ ನಡುವಿನ ಮುಷ್ಟಿಗಾತ್ರದ ಹಬ್ಬಿಗೆ. ಏಕೆಂದರೆ ಆ ಹಳೆಯ ಸೈಕಲ್ಲುಗಳ ಬ್ರೇಕು ಹಬ್ಬಿನ ಒಳಗೇ ಇರುತ್ತಿದ್ದಿತು. ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ಬಳಿಕ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೆಸರು ಬಂದುದು ಹೀಗೆ.

ಇಂಥ ಅನುಭವದಿಂದಲೇ ಹೊಸ ಸೈಕಲ್ಲು ರೂಪುಗೊಂಡಿತು. 1977ರಲ್ಲಿ ಜೋ ಬ್ರೀಜ್ ಎಂಬವರು ಈ ಬಳಕೆಗಾಗಿಯೇ ಹೊಸ ಚೌಕಟ್ಟುಗಳನ್ನು ಕಟ್ಟಿದರು. 1979ರಲ್ಲಿ ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಎಂಬ ಗೆಳೆಯರು 'ಮೌಂಟನ್‌ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. ಆ ಹೆಸರನ್ನು ತಮ್ಮದೆಂದು ನೋಂದಾಯಿಸಿಕೊಳ್ಳಲು ಅವರು ಮಾಡಿದ ಪ್ರಯತ್ನ ಫಲಿಸಲಿಲ್ಲ. ಅದು ಇಂದು ಎಲ್ಲರ ಸ್ವತ್ತಾಗಿದೆ.

ಸ್ಪೆಷಲೈಸ್ಡ್ ಸಂಸ್ಥೆಯ ಸ್ಥಾಪಕರಾದ ಮೈಕ್ ಸಿನ್ಯಾರ್ಡ್ ತಮ್ಮ ಫೋಕ್ಸ್‌ವಾಗನ್ ವ್ಯಾನನ್ನು 1500 ಡಾಲರಿಗೆ ಮಾರಿ, ಯೂರೋಪಿನಲ್ಲಿ ಸೈಕಲ್ ಪ್ರವಾಸ ಮಾಡಿ, ಇಟಲಿಯಿಂದ ಚಿನೆಲ್ಲಿ ಎಂಬ ಗುರುತಿನ ಹ್ಯಾಂಡಲ್‌ಬಾರುಗಳನ್ನು ತರಿಸಿ 1974ರಲ್ಲಿ ವ್ಯಾಪಾರವನ್ನಾರಂಭಿಸಿದವರು. 1981ರಲ್ಲಿ ಅವರು ಜಪಾನಿನಲ್ಲಿ ಮಾಡಿಸಿ ತಂದ 'ಸ್ಟಂಪ್‌ಜಂಪರ್' ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಮೊದಲ ಬೆಟ್ಟದ ಸೈಕಲ್ಲು. ಅದು ರಿಚಿಯವರ ಸೈಕಲ್ಲನ್ನು ಬಹುಮಟ್ಟಿಗೆ ಅನುಸರಿಸಿದ್ದಿತು. ಮೊದಲನೆಯ ಮುನಿಸು ಇಲ್ಲಿಯದು: ಬೇರೆಯವರ ಬೆವರನ್ನು ಸಂಸ್ಥೆ ಹಣವಾಗಿ ಮಾಡಿಕೊಂಡಿತು ಎಂದು. ಈ ದೂರು ನಮಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಕೈಕೆಲಸದ ಸೈಕಲ್ಲುಗಳು ದುಬಾರಿಯಾಗಿದ್ದವು, ಕೆಲವರಿಗೆ ಮಾತ್ರ ಸಿಕ್ಕುತ್ತಿದ್ದವು. ಸ್ಟಂಪ್‌ಜಂಪರ್ 750 ಡಾಲರಿಗೆ ಅಂಗಡಿಯಲ್ಲಿ ದೊರೆಯಿತು. ಒಬ್ಬರ ಹಿತ್ತಲಲ್ಲಿ ಹುಟ್ಟಿದ ವಸ್ತು ಊರ ವಸ್ತುವಾಗಬೇಕಾದರೆ ಇಂಥ ವರ್ತಕನೊಬ್ಬ ಬೇಕೇ ಬೇಕು. ಅಂದು ಯಾರೂ ಯಾರ ಬಾಗಿಲಿಗೂ ಬೀಗ ಹಾಕಿರಲಿಲ್ಲ, ಆದಕಾರಣ ಎಲ್ಲರೂ ಒಳಹೊಕ್ಕರು. ಮುಂದೆ ಬೀಗ ಹಾಕತೊಡಗಿದವರು ಯಾರು ಎಂಬಲ್ಲಿಯೇ ನಿಜವಾದ ಜಗಳವಿರುವುದು.

ಎರಡನೆಯ ದೂರಿಗೆ ಕಾರಣವಾದುದು ಒಂದು ಪುಟ್ಟ ಕೀಲು. ಹಿಂಗಾಲಿಗೆ ಸ್ಪ್ರಿಂಗಿನ ಆಸರೆ ಕೊಡುವ ಅತಿ ಸರಳವಾದ ಉಪಾಯವೆಂದರೆ, ಪೆಡಲಿನ ಸಮೀಪದಲ್ಲಿ ಒಂದು ಕೀಲಿಟ್ಟು, ಅದರ ಸುತ್ತ ಏರಿಳಿಯುವ ಒಂದೇ ತೋಳಿನ ಕೊನೆಯಲ್ಲಿ ಗಾಲಿಯನ್ನು ಕೂರಿಸುವುದು. ಈ ಏರ್ಪಾಡಿನಲ್ಲಿ ಬ್ರೇಕು ಕೂಡ ಆ ತೋಳಿನ ಮೇಲೆಯೇ ಇರುತ್ತದೆ. ಬ್ರೇಕು ಹಿಡಿದೊಡನೆ ತಿರುಗುವ ಗಾಲಿ ತೋಳನ್ನೂ ತನ್ನ ಜೊತೆಗೆ ತಿರುಗಿಸಲೆಳಸುತ್ತದೆ. ತೋಳಿನ ಮುಂದಿನ ತುದಿ ಚೌಕಟ್ಟನ್ನು ಕೆಳಕ್ಕೆಳೆಯುತ್ತದೆ. ಸ್ಪ್ರಿಂಗು ಮೊದಲೇ ಅದುಮಿಕೊಂಡು ಕಲ್ಲುಕೊರಕಲುಗಳನ್ನು ಸರಾಗವಾಗಿ ನುಂಗಲಾರದೆ ಹೋಗುತ್ತದೆ. ಎಲ್ಲಿ ಅದು ಚೆನ್ನಾಗಿ ಕೆಲಸ ಮಾಡಬೇಕೋ ಅಲ್ಲಿಯೇ ಕೈಕೊಡುತ್ತದೆ. ಆಸ್ಟ್ರಿಯದಲ್ಲಿ ಹುಟ್ಟಿ, ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಪಳಗಿ, ಅಮೆರಿಕದಲ್ಲಿ ನೆಲೆಸಿದ ಹಾರ್ಸ್ಟ್ ಲೈಟ್ನರ್ ಎಂಬ ತಂತ್ರಜ್ಞರು ಕೆಳಗಿನ ತೋಳಿನಲ್ಲಿ, ಗಾಲಿಯ ಅಚ್ಚಿಗಿಂತ ತುಸು ಮುಂದೆ, ಇನ್ನೊಂದು ಕೀಲನ್ನಿಟ್ಟರು. ಇದರಿಂದ ಅಚ್ಚೂ ಬ್ರೇಕೂ ಮೇಲಿನ ಸಲಾಕೆಗೆ ಸೇರಿದವು. ಚೌಕಟ್ಟು, ಕೆಳತೋಳು, ಮೇಲಿನ ಸಲಾಕೆ, ಅದನ್ನು ಚೌಕಟ್ಟಿಗೆ ಜೋಡಿಸುವ ಚಿಕ್ಕ ಸನ್ನೆ, ಹೀಗೆ ನಾಲ್ಕು ಅಂಗಗಳ ಕೀಲುಜೋಡಣೆ ಏರ್ಪಟ್ಟಿತು. ಗಾಲಿ ಮೇಲೆ ಕೆಳಗೆ ಆಡುವಾಗ ಆ ಮೇಲಿನ ಸಲಾಕೆ ಬಹಳ ಸ್ವಲ್ಪ ಮಾತ್ರ ತಿರುಗುವುದರಿಂದ ಬ್ರೇಕಿನ ಸೆಳೆತ ಸ್ಪ್ರಿಂಗಿಗೆ ಅಷ್ಟಾಗಿ ತಟ್ಟದು.

ಲೈಟ್ನರ್ ಇದಕ್ಕೆ ಪೇಟೆಂಟ್ ಪಡೆದಿದ್ದರು. 1998ರಲ್ಲಿ ಸ್ಪೆಷಲೈಸ್ಡ್ ಸಂಸ್ಥೆ ಆ ಹಕ್ಕನ್ನು ಹಣಕೊಟ್ಟು ಕೊಂಡಿತು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಈ ಕೀಲನ್ನು ಬಳಸಬೇಕಾದವರು ಅದರ ಅನುಮತಿ ಪಡೆದು ಶುಲ್ಕ ತೆರಬೇಕಾಯಿತು. 2010ರ ದಶಕದಲ್ಲಿ ಅವಧಿ ಮುಗಿಯುವವರೆಗೂ ಹೀಗೆಯೇ ನಡೆಯಿತು. ಇದನ್ನು ಸುಲಿಗೆಯೆಂದು ಕರೆದ ಸವಾರರುಂಟು. ನಾವು ಹಾಗೆ ಕರೆಯಲಾರೆವು. ಕಂಡುಹಿಡಿದವನಿಗೆ ಬೆಲೆ ಸಂದಿತು, ಹಕ್ಕಿಗೆ ಗೊತ್ತಾದ ಕಾಲಮಿತಿಯಿತ್ತು, ಗುಟ್ಟು ದಸ್ತಾವೇಜಿನಲ್ಲಿ ಎಲ್ಲರಿಗೂ ತೆರೆದಿತ್ತು. ಅಲ್ಲದೆ ಇಂಥ ಅಡ್ಡಿಯಿಂದ ಕೆಲವೊಮ್ಮೆ ಒಳ್ಳೆಯದೂ ಆಗುತ್ತದೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಕ್ರ್ಯಾಂಕನ್ನು ಜೋಡಿಸಬೇಕೆಂದಿದ್ದಾಗ 1780ರಲ್ಲಿ ಪಿಕಾರ್ಡ್ ಎಂಬವನು ಅದರ ಪೇಟೆಂಟನ್ನು ಪಡೆದುಬಿಟ್ಟಿದ್ದನು. ವಾಟ್ ಅದಕ್ಕೆ ಸುತ್ತುದಾರಿಯಾಗಿ ಸೂರ್ಯ-ಗ್ರಹ ಹಲ್ಲುಚಕ್ರದ ಜೋಡಣೆಯನ್ನು ಬಳಕೆಗೆ ತಂದನು. ಹಾಗೆಯೇ ಸ್ಪೆಷಲೈಸ್ಡ್‌ನ ಪ್ರತಿಸ್ಪರ್ಧಿಯಾದ ಟ್ರೆಕ್ ಸಂಸ್ಥೆ 2000ರ ದಶಕದ ಕೊನೆಯ ಭಾಗದಲ್ಲಿ ಕೀಲನ್ನು ಅಚ್ಚಿನ ಮುಂದಿಡದೆ ಅಚ್ಚಿನ ಸುತ್ತಲೇ ಇಟ್ಟು ಬ್ರೇಕಿನ ತೊಂದರೆಯನ್ನು ಬೇರೊಂದು ಬಗೆಯಲ್ಲಿ ಬಿಡಿಸಿಕೊಂಡಿತು. (ಇದನ್ನು ಹೇಳುವಾಗ, ವಾಟ್ ಕೂಡ ತನ್ನ ಸ್ವಂತ ಪೇಟೆಂಟನ್ನು ಪಾರ್ಲಿಮೆಂಟಿನ ಮೂಲಕ 1800ರವರೆಗೆ ಹಿಗ್ಗಿಸಿಕೊಂಡವನೇ ಎಂಬುದನ್ನು ಮರೆಯಬಾರದು. ಮಹನೀಯರೂ ಬೀಗದ ಕೈಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.)

ಹೆಸರುಗಳ ಮಾತು ಬಂದಾಗ ನಮ್ಮ ಸಹನೆ ಇಷ್ಟಿರುವುದಿಲ್ಲ. ವ್ಯಾಪಾರಮುದ್ರೆಯನ್ನು ಕಾಪಾಡದವನು ಅದನ್ನು ಕಳೆದುಕೊಳ್ಳಬಹುದೆಂಬುದು ನಿಜ; 'ಎಸ್ಕಲೇಟರ್' ಎಂಬ ಪದ ಒಮ್ಮೆ ಓಟಿಸ್ ಸಂಸ್ಥೆಯ ಸ್ವಂತ ಮುದ್ರೆಯಾಗಿದ್ದು, 1950ರಲ್ಲಿ ಅಮೆರಿಕದಲ್ಲಿ ಆ ಸ್ಥಾನವನ್ನು ಕಳೆದುಕೊಂಡಿತು. ಆ ಭಯ ಎಲ್ಲ ಸಂಸ್ಥೆಗಳಿಗೂ ಇದ್ದದ್ದೇ. ಆದರೆ ಪೋರ್ಟ್‌ಲೆಂಡ್ ನಗರಕ್ಕೆ ಹಳೆಯ ಅಡ್ಡಹೆಸರಾದ 'ಸ್ಟಂಪ್‌ಟೌನ್' ಎಂಬುದನ್ನು ಚಿಕ್ಕ ತಯಾರಕರೊಬ್ಬರು ತಮ್ಮ ಸೈಕಲ್ಲಿಗಿಟ್ಟಾಗ, ಅದು ಸ್ಟಂಪ್‌ಜಂಪರನ್ನು ಹೋಲುತ್ತದೆಂದು ಸ್ಪೆಷಲೈಸ್ಡ್ ಆಕ್ಷೇಪಿಸಿತು. ತನ್ನಲ್ಲಿಂದ ಹೊರಟವರು ವೊಲಾಗಿ ಎಂಬ ಚಿಕ್ಕ ಸಂಸ್ಥೆಯನ್ನು ಕಟ್ಟಿದಾಗ ಅವರ ಮೇಲೆ ದಾವೆ ಹೂಡಿತು. ಎರಡು ಕಡೆಯವರೂ ವಕೀಲರಿಗಾಗಿ ಲಕ್ಷಾಂತರ ಡಾಲರುಗಳನ್ನು ಸುರಿದ ಮೇಲೆ 2012ರ ಜನವರಿಯಲ್ಲಿ ಜೂರಿಯವರು ಕೊಡಿಸಿದ ಪರಿಹಾರ ಒಂದೇ ಒಂದು ಡಾಲರು! 2013ರಲ್ಲಿ ಕೆನಡದ ಆಲ್ಬರ್ಟ ಪ್ರಾಂತದ ಕಾಕ್ರನ್ ಎಂಬ ಸಣ್ಣ ಊರಿನಲ್ಲಿ ಮಾಜಿ ಸೈನಿಕರೊಬ್ಬರು ನಡೆಸುತ್ತಿದ್ದ 'ಕೆಫೆ ರೂಬೇ' ಎಂಬ ಸೈಕಲ್ ಅಂಗಡಿಗೆ, ಹೆಸರನ್ನು ಬದಲಾಯಿಸಬೇಕೆಂದು ವಕೀಲರ ಪತ್ರ ಹೋಯಿತು. ರೂಬೇ ಎಂಬುದು ಉತ್ತರ ಫ್ರಾನ್ಸಿನ ಒಂದು ಪಟ್ಟಣ. ಪ್ಯಾರಿಸ್-ರೂಬೇ ಸೈಕಲ್ ಪಂದ್ಯ 1896ರಿಂದ ಪ್ರಸಿದ್ಧವಾದುದು. ಸ್ಪೆಷಲೈಸ್ಡ್ ತನ್ನ ಒಂದು ಸೈಕಲ್ಲಿಗೆ ಆ ಹೆಸರನ್ನಿಟ್ಟಿದ್ದಿತಷ್ಟೆ. ಕೊನೆಗೆ, ಆ ಮುದ್ರೆಯ ನಿಜವಾದ ಒಡೆಯರು ಬೇರೊಂದು ಸಂಸ್ಥೆಯವರೆಂದೂ ಸ್ಪೆಷಲೈಸ್ಡ್ ಅವರಿಂದ ಅನುಮತಿ ಪಡೆದು ಬಳಸುತ್ತಿದ್ದಿತೆಂದೂ ಬಯಲಾಯಿತು. ಸಿನ್ಯಾರ್ಡ್ ಸ್ವತಃ ಆ ಅಂಗಡಿಗೆ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದುದು ಮೆಚ್ಚತಕ್ಕದ್ದೆ; ಆದರೆ ಜಗತ್ತಿನಾದ್ಯಂತ ಸವಾರರು ಸಿಟ್ಟಿಗೇಳದಿದ್ದರೆ ಆ ಕ್ಷಮೆ ಬರುತ್ತಿದ್ದಿತೆ ಎಂದು ಕೇಳುವವರ ಬಾಯನ್ನು ಮುಚ್ಚಿಸುವುದು ಕಷ್ಟ. ಒಂದು ಊರಿನ ಹೆಸರಿಗೆ ಬೇಲಿ ಹಾಕುವುದರಿಂದ ಯಾವ ಹೊಸ ಯಂತ್ರವೂ ಹುಟ್ಟುವುದಿಲ್ಲ.

ಇಷ್ಟಾದರೂ ಹೆಸರಿನ ಜಗಳಗಳು ಸವಾರನ ಕೈಗೆ ನೇರವಾಗಿ ತಟ್ಟುವುದಿಲ್ಲ. ತಟ್ಟುವುದು ಬಿಡಿಭಾಗಗಳ ವಿಷಯ. 2000ರ ದಶಕದ ಆದಿಯಲ್ಲಿ ಈ ಸಂಸ್ಥೆ 'ಎಪಿಕ್' ಎಂಬ ಸೈಕಲ್ಲಿನಲ್ಲಿ 'ಬ್ರೇನ್' ಎಂಬ ಸಾಧನವನ್ನು ತಂದಿತು. ಹಿಂದಿನ ಆಘಾತಶಾಮಕಕ್ಕೆ ಸೇರಿದ ಒಂದು ಕವಾಟದಲ್ಲಿ ಚಿಕ್ಕ ಲೋಹದ ತೂಕವೊಂದಿರುತ್ತದೆ. ಸವಾರ ಪೆಡಲು ತುಳಿಯುವಾಗ ಕವಾಟ ಮುಚ್ಚಿಯೇ ಇದ್ದು ಸೈಕಲ್ಲು ತೂಗಾಡದೆ ಬಿಗಿಯಾಗಿರುತ್ತದೆ. ಗಾಲಿ ಕಲ್ಲಿಗೆ ಬಡಿದು ಫಕ್ಕನೆ ಮೇಲೇಳುವಾಗ ಕವಾಟದ ಗೂಡು ಮೇಲಕ್ಕೆ ಹೋಗುತ್ತದೆ; ಒಳಗಿನ ತೂಕವೋ ನ್ಯೂಟನ್ನನ ಮೊದಲನೆಯ ನಿಯಮಕ್ಕೆ ತಲೆಬಾಗಿ ಇದ್ದಲ್ಲಿಯೇ ನಿಲ್ಲಲು ನೋಡುತ್ತದೆ. ಆಗ ಎಣ್ಣೆಗೆ ದಾರಿ ತೆರೆಯುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ, ನೆಲದ ಬಡಿತವನ್ನೂ ಕಾಲಿನ ತುಳಿತವನ್ನೂ ಜಡತ್ವವೇ ಬೇರ್ಪಡಿಸುತ್ತದೆ! ಕಾಲೇಜಿನ ಭೌತವಿಜ್ಞಾನದ ತರಗತಿಯಲ್ಲಿಟ್ಟು ತೋರಿಸಲು ಯೋಗ್ಯವಾದ ವಸ್ತುವಿದು. ಆದರೆ ಅದು ಕೆಟ್ಟರೆ ಊರ ಮೆಕ್ಯಾನಿಕ್ಕನಿಂದ ಆಗುವುದೇನೂ ಇಲ್ಲ. 2010ರ ದಶಕದ ಹಲವು ಮಾದರಿಗಳಲ್ಲಿ ಆಘಾತಶಾಮಕದ ಒಂದು ತುದಿ ಸಂಸ್ಥೆಯ ಸ್ವಂತ ಅಳತೆಯದಾಗಿದ್ದು, ಮಾರುಕಟ್ಟೆಯ ಸಾಮಾನ್ಯ ಶಾಮಕಗಳು ಅಲ್ಲಿ ಕೂರುತ್ತಿರಲಿಲ್ಲ. ಹೀಗಾಗಿ ಚೌಕಟ್ಟು ಇನ್ನೂ ಹತ್ತು ವರ್ಷ ಬಾಳುವಂತಿದ್ದರೂ ಒಂದು ಭಾಗ ಸಿಕ್ಕದೆ ಸೈಕಲ್ಲು ಗೋಡೆಗೊರಗುವುದುಂಟು.

ನಮ್ಮ ಊರುಗಳ ಕಪ್ಪು ಸೈಕಲ್ಲನ್ನು ಇದರೊಡನೆ ಹೋಲಿಸಿ ನೋಡಿರಿ. ಹೀರೋ ಆಗಲಿ, ಅಟ್ಲಾಸ್ ಆಗಲಿ, ಹರ್ಕ್ಯುಲಿಸ್ ಆಗಲಿ, ಪೆಡಲು, ಚೈನು, ಟೈರು, ಬ್ರೇಕಿನ ರಬ್ಬರು ಒಂದರದು ಇನ್ನೊಂದಕ್ಕೆ ಬರುತ್ತಿದ್ದವು. ಬಸ್ಸು ನಿಲ್ಲುವ ಕಡೆಯ ಮರದಡಿಯಲ್ಲಿ ಪಂಪನ್ನೂ ಎರಡು ಸ್ಪ್ಯಾನರುಗಳನ್ನೂ ಇಟ್ಟುಕೊಂಡು ಕೂತವನು ಯಾವ ಕಂಪನಿಯ ಸೈಕಲ್ಲೆಂದು ಕೇಳದೆ ರಿಪೇರಿಗೆ ಕೈಹಾಕುತ್ತಿದ್ದನು. ಹೊಸತನ ಕಡಿಮೆಯಿತ್ತು, ನಿಜ, ತೂಕವೂ ವಿಪರೀತ. ಹೊಸ ಉಪಾಯಕ್ಕೆ ಕೆಲವು ಸಲ ಹೊಸ ಅಳತೆ ಬೇಕೇ ಆಗುತ್ತದೆಂಬ ತಂತ್ರಜ್ಞರ ವಾದವನ್ನೂ ನಾವು ಬಲ್ಲೆವು. ಆದರೆ ಆ ವಾದಕ್ಕೆ ಸ್ಪೆಷಲೈಸ್ಡ್ ಸಂಸ್ಥೆಯೇ ಉತ್ತರ ಕೊಟ್ಟಿದೆ: 2018ರಲ್ಲಿ ಬಂದ ಅದರ ಹೊಸ ಸ್ಟಂಪ್‌ಜಂಪರಿನಲ್ಲಿ ಎಲ್ಲರೂ ಬಳಸುವ ಅಳತೆಯ ಶಾಮಕವೇ ಕೂರುವಂತಾಯಿತು, ಸವಾರಿಯ ಸುಖವೇನೂ ಕುಂದಲಿಲ್ಲ. 2019ರಲ್ಲಿ ಸ್ರ್ಯಾಮ್ ಎಂಬ ಬಿಡಿಭಾಗಗಳ ಸಂಸ್ಥೆ ಗೇರು ಬದಲಿಸುವ ಸಾಧನವನ್ನು ತೂಗುಹಾಕುವ ಕೊಂಡಿಗೆ ಒಂದು ಸಮಾನ ಅಳತೆಯನ್ನು ಎಲ್ಲ ತಯಾರಕರ ಮುಂದಿಟ್ಟಿತು. ಹಿಂದೆ ಸೈಕಲ್ಲಿಗೊಂದು ಬಗೆಯ ಕೊಂಡಿಯಿದ್ದ ಕಡೆ, ಇಂದು ಅನೇಕ ಗುರುತುಗಳ ಸೈಕಲ್ಲುಗಳಿಗೆ ಒಂದೇ ಕೊಂಡಿ ಸಾಕು. ಆ ಸಂಸ್ಥೆ ಮುಂದೆ ತನ್ನ ಹೊಸ ಗೇರುಗಳನ್ನು ಮಾರಲು ಅದೇ ಅಳತೆಯನ್ನು ಬಳಸಿಕೊಂಡಿತೆಂಬುದೂ ದಿಟ. ಲಾಭವಿರಲಿ, ಕೊಂಡಿಯಂತೂ ಎಲ್ಲರಿಗೂ ಸಿಕ್ಕಿತಷ್ಟೆ.

ಆದುದರಿಂದ ಸವಾರರು ತಮ್ಮ ಸಿಟ್ಟನ್ನು ಹಳೆಯ ಪೇಟೆಂಟಿನ ಮೇಲೆಯೂ ಜಪಾನಿನಿಂದ ಬಂದ ಮೊದಲ ಸೈಕಲ್ಲಿನ ಮೇಲೆಯೂ ವ್ಯರ್ಥಮಾಡದೆ, ಕೇಳಬೇಕಾದುದನ್ನು ಕೇಳಬೇಕೆಂದು ನಮ್ಮ ಸೂಚನೆ. ತನ್ನದೇ ಅಳತೆಯ ಭಾಗವೊಂದನ್ನು ಸಂಸ್ಥೆ ಮಾಡುವುದನ್ನು ನಿಲ್ಲಿಸಿದ ದಿನ, ಆ ಭಾಗದ ಅಳತೆಚಿತ್ರವನ್ನು ಬಹಿರಂಗಪಡಿಸಲಿ. ಆ ಶಾಮಕದ ತುದಿಯ ಕವಲು ಎಷ್ಟು ಮಿಲಿಮೀಟರು ಅಗಲ, ಅದರ ಬೋಲ್ಟಿನ ವ್ಯಾಸವೆಷ್ಟು, ಯಾವ ಲೋಹ, ಎಷ್ಟು ಬಿಗಿ, ಇಷ್ಟು ಬರೆಯಲು ಒಂದು ಹಾಳೆ ಸಾಕು. ಲೇತು ಉಳ್ಳ ಯಾವ ಕುಶಲ ಕೆಲಸಗಾರನಾದರೂ ಆ ಹಾಳೆಯನ್ನು ನೋಡಿ ಅಲ್ಯೂಮಿನಿಯಮ್ಮಿನ ತುಂಡೊಂದರಿಂದ ಅದನ್ನು ಕಡೆದುಕೊಡಬಲ್ಲನು.