ಅಂಬಾಸಿಡರ್ ಆದವ್ರು ಲೆಕ್ಕಾನೂ ಹೇಳ್ರಿ

ವಿದೇಶದ ಕಾಲೇಜಿಗೆ ಹೋದ ನಮ್ಮ ಸೀನಿಯರ್‌ಗಳಲ್ಲಿ ಕೆಲವರು ಅಲ್ಲಿ ‘ಸ್ಟೂಡೆಂಟ್ ಅಂಬಾಸಿಡರ್’ ಆಗ್ತಾರ. ಹೊಸಬರ ಪ್ರಶ್ನೆಗೆ ಉತ್ತರಿಸುವುದು, ಕ್ಯಾಂಪಸ್ ತೋರಿಸುವುದು ಅವರ ಕೆಲಸ. ಬಹಳ ಕಡೆ ಸಂಬಳಾನೂ ಐತಿ. ನಮಗೂ ಹೆಮ್ಮೆ.

ಆದರೆ ಕುಂದಗೋಳ ತಾಲೂಕಿನ ಕುಬಿಹಾಳದಂಥ ಊರಿನ ಹುಡುಗಿಗೆ ಹಿಮದ ಫೋಟೊಕ್ಕಿಂತ ಖರ್ಚಿನ ಲೆಕ್ಕ ಮುಖ್ಯ. ಜರ್ಮನಿಯನ್ನೇ ನೋಡ್ರಿ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಅದು ಖರೆ. ಆದರೆ ವೀಸಾಕ್ಕೆ ಸಾಮಾನ್ಯವಾಗಿ ವರ್ಷದ ಖರ್ಚಿಗೆಂದು 11,904 ಯುರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅಂದ್ರ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರವೂ ಬೇಕು.

ಹೊಲ ಒತ್ತಿ ಹಾಕೋ ಮೊದಲೇ ಇದು ಅಪ್ಪಗ ಕನ್ನಡದಾಗ ತಿಳೀಬೇಕು. ಅಂಬಾಸಿಡರ್ ಆದ ಅಕ್ಕ-ಅಣ್ಣಾರು ತಿಂಗಳಿಗೊಮ್ಮೆ ಆನ್‌ಲೈನ್ ಬರ್ರಿ. ಊರವ್ರನ್ನ ನಾವು ಕೂಡಿಸ್ತೀವಿ.