ತೋಟಕ್ಕೆ ಪೌತಿ ಖಾತೆ, ಠೇವಣಿಗೆ ಯಾವ ಕಾಗದ?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತಂದೆ ತೀರಿಕೊಂಡ ಮೇಲೆ ತೆಂಗಿನ ತೋಟದ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕ್ರಮ ಮನೆಮನೆಗೂ ಗೊತ್ತು. ಆದರೆ ಕೊಬ್ಬರಿ ಮಾರಿದ ಹಣ ಠೇವಣಿಯಾಗಿದ್ದರೆ, ಉಯಿಲನ್ನು ಜಾರಿಗೊಳಿಸಲು ಅದರಲ್ಲೇ ನೇಮಕಗೊಂಡ ವ್ಯಕ್ತಿ, ಅಂದರೆ ನಿರ್ವಾಹಕ, ಬ್ಯಾಂಕಿನೆದುರು ತನ್ನ ಅಧಿಕಾರವನ್ನು ರುಜುವಾತುಪಡಿಸುವ ಬಗೆ ಹಲವರಿಗೆ ತಿಳಿಯದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 211ನೇ ಕಲಮಿನ ಪ್ರಕಾರ ಮೃತರ ಆಸ್ತಿಯ ಮೇಲಿನ ಅಧಿಕಾರ ನಿರ್ವಾಹಕನಿಗೇ ಸೇರುತ್ತದೆ, ಮತ್ತು ಉಯಿಲು ನಿಜವೆಂದು ನ್ಯಾಯಾಲಯ ದೃಢೀಕರಿಸಿ ಮೊಹರು ಹಾಕಿ ಕೊಡುವ ಪ್ರತಿಯಾದ ಪ್ರೊಬೇಟ್, ಹಳೆಯ ಮೈಸೂರು ಸೀಮೆಯ ಹಿಂದೂ ಉಯಿಲುಗಳಿಗೆ ಕಡ್ಡಾಯವಾಗಿರಲೇ ಇಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಐಚ್ಛಿಕ, ಆದರೂ ತಕರಾರು ಬಂದಾಗ ಅದು ಉಪಯೋಗಕ್ಕೆ ಬರುತ್ತದೆ. ನಾಮಿನಿ ಹಣ ಪಡೆಯಬಲ್ಲವನೇ ಹೊರತು ಒಡೆಯನಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಠೇವಣಿಯ ಪ್ರಕರಣವೊಂದರಲ್ಲೇ ಹೇಳಿದ್ದರೂ, ನಾಮಿನಿಯಾದ ಮಗನೇ ಎಲ್ಲಕ್ಕೂ ಹಕ್ಕುದಾರನೆಂಬ ತಪ್ಪು ಕಲ್ಪನೆ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ದಾರಿಮಾಡುತ್ತದೆ. ಮರಣ ಪ್ರಮಾಣಪತ್ರ, ಉಯಿಲು, ನಿರ್ವಾಹಕನ ಗುರುತಿನ ಚೀಟಿ ಸಾಕೇ, ಪ್ರೊಬೇಟ್ ಯಾವಾಗ ಬೇಕು ಎಂಬುದನ್ನು ಬ್ಯಾಂಕುಗಳು ಕನ್ನಡದಲ್ಲಿ ಬರೆದು ಶಾಖೆಗಳಲ್ಲಿ ತೂಗುಹಾಕಬೇಕೆಂದು ವಿನಂತಿ.

— ಓದುಗರೊಬ್ಬರು, ಕಿಬ್ಬನಹಳ್ಳಿ